ಹಣ್ಣುನೊಣದ ಪ್ರಣಯ ಮತ್ತು ಮೈಕ್ರೋ ಆರ್‌ಎನ್‌ಎ: ಸ್ಟಾಕ್ ಆಯ್ಕೆಯಿಂದ ಗುರಿ ಜೀನ್‌ವರೆಗೆ

ಒಂದು ಮೈಕ್ರೋ ಆರ್‌ಎನ್‌ಎ ಕಳೆದುಕೊಂಡ ಗಂಡು ಹಣ್ಣುನೊಣವನ್ನು ಹೆಣ್ಣಿನ ಜೊತೆ ಬಿಟ್ಟಿದ್ದೀರಿ. ಗಂಡು ಸುಮ್ಮನೆ ಮೂಲೆಯಲ್ಲಿ ನಿಂತಿದೆ. ಇದರಿಂದ ಏನು ಗೊತ್ತಾಯಿತು? ಸದ್ಯಕ್ಕೆ ಏನೂ ಇಲ್ಲ. ಅದಕ್ಕೆ ಕಣ್ಣು ಸರಿಯಾಗಿ ಕಾಣದಿರಬಹುದು, ಕಾಲು ಸೋತಿರಬಹುದು, ಅರಿವಳಿಕೆಯ ಮಂಪರು ಇಳಿಯದಿರಬಹುದು. ಸ್ಟಾಕಿನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ತಲೆಮಾರುಗಳಿಂದ ಸಾಕಿದ ಆ ತಳಿಯಲ್ಲಿ, ಎಲ್ಲೋ ಬೇರೊಂದು ಮ್ಯುಟೇಶನ್ ಕೂತಿರಬಹುದು. ಮೈಕ್ರೋ ಆರ್‌ಎನ್‌ಎಯೇ ಕಾರಣ ಎನ್ನುವುದು ಈ ಎಲ್ಲವನ್ನೂ ಒಂದೊಂದಾಗಿ ತೆಗೆದುಹಾಕಿದ ಮೇಲೆ ಹೇಳಬಹುದಾದ ಮಾತು. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುವ ಸಂಭವ ಹೆಚ್ಚು ಎಂಬುದನ್ನು ಡ್ರೋಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣುನೊಣವನ್ನು ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇವೆ. ಚೆನ್ನಾಗಿ ಅಧ್ಯಯನವಾದ ಎರಡು ಪ್ರಕರಣಗಳು ಉದ್ದಕ್ಕೂ ಜೊತೆಗಿರುತ್ತವೆ: ಗಂಡಿನಲ್ಲಿ ಮಿರ್-124 (ಮಿರ್ ಎಂದರೆ ಮೈಕ್ರೋ ಆರ್‌ಎನ್‌ಎ), ಹೆಣ್ಣಿನಲ್ಲಿ ಮಿರ್-ಐಎಬಿ-4 ಮತ್ತು ಮಿರ್-ಐಎಬಿ-8.

ಮೊದಲು ತಿಳಿದಿರಬೇಕಾದಷ್ಟು

ಮೈಕ್ರೋ ಆರ್‌ಎನ್‌ಎ ಸುಮಾರು 22 ಅಕ್ಷರಗಳ (ನ್ಯೂಕ್ಲಿಯೊಟೈಡ್‌ಗಳ) ಆರ್‌ಎನ್‌ಎ ತುಣುಕು. ಉದ್ದನೆಯ ಮೂಲ ಪ್ರತಿಯನ್ನು ಕೋಶಕೇಂದ್ರದಲ್ಲಿ ಡ್ರೋಶಾ ಎಂಬ ಕಿಣ್ವ ಕತ್ತರಿಸುತ್ತದೆ, ಹೊರಗೆ ಡೈಸರ್-1 ಇನ್ನೊಮ್ಮೆ ಕತ್ತರಿಸುತ್ತದೆ, ಉಳಿದ ತುಣುಕು ಆರ್ಗೊನಾಟ್-1 ಪ್ರೋಟೀನಿನಲ್ಲಿ ಕೂರುತ್ತದೆ. ಅದರ 2ರಿಂದ 8ನೇ ಅಕ್ಷರಗಳನ್ನು ಸೀಡ್ ಎನ್ನುತ್ತಾರೆ. ಸಂದೇಶವಾಹಕ ಆರ್‌ಎನ್‌ಎಯ ಬಾಲದಲ್ಲಿ, ಅಂದರೆ 3' ಯುಟಿಆರ್‌ನಲ್ಲಿ, ಈ ಸೀಡ್‌ಗೆ ಜೋಡಿಯಾಗುವ ಅಕ್ಷರಸಾಲು ಸಿಕ್ಕರೆ ಆ ಸಂದೇಶ ಕುಗ್ಗುತ್ತದೆ. ಕುಗ್ಗುವುದು ಎಂದರೆ ಪೂರ್ತಿ ಮಾಯವಾಗುವುದಲ್ಲ. ಒಂದೊಂದು ಗುರಿಯ ಮೇಲೆ ಪರಿಣಾಮ ಸಾಮಾನ್ಯವಾಗಿ ಎರಡು ಪಟ್ಟಿಗಿಂತ ಕಡಿಮೆ. ವರ್ತನೆಯಲ್ಲಿ ಕಾಣುವ ವ್ಯತ್ಯಾಸವೂ ಹಲವು ಸಲ ಸಣ್ಣದೇ. ಹೀಗಾಗಿ ಸಾಕಣೆಯಲ್ಲಿ ಆಗುವ ಚಿಕ್ಕ ಅಜಾಗ್ರತೆ ನಿಜವಾದ ಪರಿಣಾಮವನ್ನು ನುಂಗಿಬಿಡಬಲ್ಲದು, ಇಲ್ಲದ ಪರಿಣಾಮವನ್ನು ಹುಟ್ಟಿಸಲೂ ಬಲ್ಲದು.

ಗಂಡಿನ ಪ್ರಣಯಕ್ಕೆ ಒಂದು ಗೊತ್ತಾದ ಕ್ರಮವಿದೆ. ಹೆಣ್ಣಿನ ಕಡೆ ತಿರುಗಿ ನಿಲ್ಲುತ್ತದೆ, ಹಿಂಬಾಲಿಸುತ್ತದೆ, ಮುಂಗಾಲಿನಿಂದ ಹೆಣ್ಣಿನ ಹೊಟ್ಟೆ ತಟ್ಟಿ ರುಚಿ ನೋಡುತ್ತದೆ, ಒಂದು ರೆಕ್ಕೆ ಚಾಚಿ ಕಂಪಿಸಿ ಹಾಡುತ್ತದೆ, ಜನನಾಂಗ ನೆಕ್ಕುತ್ತದೆ, ಹೊಟ್ಟೆ ಬಾಗಿಸಿ ಕೂಡಲು ಯತ್ನಿಸುತ್ತದೆ. ಕೂಡಿದರೆ ಜೋಡಿ ಸುಮಾರು 20 ನಿಮಿಷ ಬೇರೆಯಾಗುವುದಿಲ್ಲ. ಈ ಕ್ರಮ ಮಿದುಳಿನಲ್ಲಿ ಬರೆಯಲ್ಪಡುವುದು ಲಿಂಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಸ್ಪ್ಲೈಸ್ ಆಗುವ, ಅಂದರೆ ಸಂದೇಶದ ತುಣುಕುಗಳು ಬೇರೆ ಬೇರೆಯಾಗಿ ಜೋಡಣೆಯಾಗುವ, ಜೀನ್‌ಗಳ ಸರಪಳಿಯಿಂದ. ಹೆಣ್ಣಿನಲ್ಲಿ ಸೆಕ್ಸ್-ಲೀಥಲ್ ಜೀನ್ ಟ್ರಾನ್ಸ್‌ಫಾರ್ಮರ್ ಜೀನನ್ನು ಚಾಲೂ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದಲ್ಲಿ ಡಬಲ್‌ಸೆಕ್ಸ್ ಮತ್ತು ಫ್ರೂಟ್‌ಲೆಸ್ ಜೀನ್‌ಗಳು ಹೆಣ್ಣಿನ ರೂಪ ತಳೆಯುತ್ತವೆ, ಇಲ್ಲದಲ್ಲಿ ಗಂಡಿನ ರೂಪ.

ಮಿರ್-124ರ ಕೆಲಸ ಇಲ್ಲಿದೆ. ಸ್ಟೀಫನ್ ಕೋಹೆನ್ ಅವರ ತಂಡ 2013ರಲ್ಲಿ ತೋರಿಸಿದಂತೆ, ಮಿರ್-124 ಇಲ್ಲದ ಗಂಡುಗಳಲ್ಲಿ ಟ್ರಾನ್ಸ್‌ಫಾರ್ಮರ್‌ನ ಹೆಣ್ಣು ರೂಪ ಏರುತ್ತದೆ, ಮೈಮೇಲಿನ ಫೆರೊಮೋನ್ (ವಾಸನೆಯ ಸಂಕೇತ) ಮಿಶ್ರಣ ಕೆಡುತ್ತದೆ. ಗಂಡಿನ ಗುರುತಾದ ಸಿಸ್-ವ್ಯಾಕ್ಸೆನೈಲ್ ಅಸಿಟೇಟ್ ಇಳಿದು ಪೆಂಟಕೊಸೀನ್‌ಗಳು ಏರುತ್ತವೆ. ಇಂಥ ಗಂಡಿನ ಹಿಂದೆ ಬೇರೆ ಗಂಡುಗಳೇ ಬೀಳುತ್ತವೆ, ಹೆಣ್ಣಿಗಾಗಿ ನಡೆಯುವ ಪೈಪೋಟಿಯಲ್ಲೂ ಅದು ಹಿಂದುಳಿಯುತ್ತದೆ. ಒಂದೇ ಮೈಕ್ರೋ ಆರ್‌ಎನ್‌ಎಯ ಕೊರತೆ ಪ್ರಣಯಿಸುವವನಲ್ಲೂ ಕಾಣಬಹುದು, ಅವನನ್ನು ನೋಡಿ ಮೂಸುವ ಇನ್ನೊಂದು ನೊಣದ ನಡತೆಯಲ್ಲೂ ಕಾಣಬಹುದು. ಮುಂದಿನ ಹೆಜ್ಜೆಗಳಲ್ಲಿ ಬಹುಪಾಲು ಇವೆರಡನ್ನು ಬೇರ್ಪಡಿಸುವುದಕ್ಕಾಗಿಯೇ ಇವೆ.

ಹೆಜ್ಜೆ 1: ಮೈಕ್ರೋ ಆರ್‌ಎನ್‌ಎಯನ್ನು ತಗ್ಗಿಸುವ ಸಾಧನ

ಎರಡು ದಾರಿಗಳಿವೆ, ಸಾಧ್ಯವಿದ್ದರೆ ಎರಡನ್ನೂ ಹಿಡಿಯಿರಿ.

ಮೊದಲನೆಯದು ನಾಕೌಟ್, ಅಂದರೆ ಆ ಜೀನನ್ನೇ ಅಳಿಸಿದ ಸ್ಟಾಕ್. ಅಳಿಸಿದ ಕ್ರೋಮೋಸೋಮನ್ನು ಎರಡು ಪ್ರತಿ ಸೇರಿಸಿ ಪರೀಕ್ಷಿಸಿದರೆ ಸಾಲದು, ಏಕೆಂದರೆ ಅದೇ ಕ್ರೋಮೋಸೋಮಿನಲ್ಲಿ ಕಾಲಾಂತರದಲ್ಲಿ ಸೇರಿಕೊಂಡ ಬೇರೆ ಮ್ಯುಟೇಶನ್‌ಗಳೂ ಎರಡು ಪ್ರತಿಯಾಗುತ್ತವೆ. ಸ್ವತಂತ್ರವಾಗಿ ಮಾಡಿದ ಎರಡು ನಾಕೌಟ್‌ಗಳನ್ನು ಒಂದರ ಎದುರು ಒಂದು ಇಡಿ, ಅಥವಾ ನಾಕೌಟನ್ನು ಆ ಭಾಗವೇ ಇಲ್ಲದ ಡೆಫಿಶಿಯೆನ್ಸಿ ಕ್ರೋಮೋಸೋಮಿನ ಎದುರು ಇಡಿ. ನಿಮ್ಮ ಮೈಕ್ರೋ ಆರ್‌ಎನ್‌ಎ ಗುಂಪಿನಲ್ಲಿದೆಯೇ, ಬೇರೆ ಜೀನಿನ ಸಂದೇಶದಿಂದ ಕತ್ತರಿಸಿ ಹೋಗುವ ಭಾಗವಾದ ಇಂಟ್ರಾನ್‌ನಲ್ಲಿದೆಯೇ ಎಂದು ನೋಡಿಕೊಳ್ಳುವುದೂ ಮುಖ್ಯ. ಲೆಟ್-7, ಮಿರ್-100, ಮಿರ್-125 ಮೂರೂ ಒಂದೇ ಪ್ರತಿಯಿಂದ ಬರುತ್ತವೆ. ಇಡೀ ಗುಂಪನ್ನು ಅಳಿಸಿ ಲೆಟ್-7ರ ಹೆಸರಿಗೆ ಫಲಿತಾಂಶ ಬರೆಯುವಂತಿಲ್ಲ. ಕಳೆದುಹೋದ ಒಂದನ್ನು ಮಾತ್ರ ಮರಳಿ ಕೊಟ್ಟ ರೆಸ್ಕ್ಯೂ ನೊಣಗಳು ಬೇಕಾಗುತ್ತವೆ.

ಎರಡನೆಯದು ಸ್ಪಂಜ್. ಮೈಕ್ರೋ ಆರ್‌ಎನ್‌ಎಗೆ ಜೋಡಿಯಾಗುವ ತಾಣಗಳನ್ನು ಸಾಲಾಗಿ ಪೋಣಿಸಿದ ಕೃತಕ ಸಂದೇಶ ಇದು. ಗಾಲ್4-ಯುಎಎಸ್ ಪದ್ಧತಿಯಿಂದ (ಒಂದು ಸ್ಟಾಕಿನ ಗಾಲ್4 ಪ್ರೋಟೀನ್, ಇನ್ನೊಂದು ಸ್ಟಾಕಿನಲ್ಲಿ ಯುಎಎಸ್ ತಾಣಕ್ಕೆ ಅಂಟಿಸಿದ ಜೀನನ್ನು ಚಾಲೂ ಮಾಡುತ್ತದೆ) ಬೇಕಾದ ಕೋಶಗಳಲ್ಲಿ ಮಾತ್ರ ಇದನ್ನು ಹೊರಡಿಸಬಹುದು. ಡೇವಿಡ್ ವ್ಯಾನ್ ವ್ಯಾಕ್ಟರ್ ಅವರ ತಂಡ 2009ರಲ್ಲಿ ಇದನ್ನು ನೊಣದಲ್ಲಿ ಬಳಕೆಗೆ ತಂದಿತು, ಈಗ ಬಹಳಷ್ಟು ಮೈಕ್ರೋ ಆರ್‌ಎನ್‌ಎಗಳಿಗೆ ಸಿದ್ಧ ಸ್ಪಂಜ್ ಸ್ಟಾಕ್‌ಗಳು ಸಿಗುತ್ತವೆ. ಇದರ ಕಂಟ್ರೋಲ್ (ಹೋಲಿಕೆಯ ನೊಣ) ಖಾಲಿ ನೊಣವಲ್ಲ, ಅಕ್ಷರಗಳನ್ನು ಕಲಸಿ ಹಾಕಿದ ಸ್ಕ್ರಾಂಬಲ್ ಸ್ಪಂಜ್, ಅದೂ ಅದೇ ತಾಣದಲ್ಲಿ ಸೇರಿಸಿದ್ದು. ಒಂದು ಪ್ರತಿಯಿಂದ ಪರಿಣಾಮ ಕಾಣದಿದ್ದರೆ ಎರಡನೇ ಮತ್ತು ಮೂರನೇ ಕ್ರೋಮೋಸೋಮ್‌ಗಳಲ್ಲಿ ಒಂದೊಂದು ಪ್ರತಿ ಇರುವ ಸ್ಟಾಕ್ ಕಟ್ಟಿಕೊಳ್ಳಿ.

ಇಲ್ಲಿ ಹೊಸಬರು ಬೀಳುವ ಒಂದು ಗುಂಡಿಯಿದೆ. ಸ್ಪಂಜ್ ಹಾಕಿದ ಮೇಲೆ ಮೈಕ್ರೋ ಆರ್‌ಎನ್‌ಎ ಪ್ರಮಾಣವನ್ನು ಅಳೆದು, ಇಳಿದಿಲ್ಲ ಎಂದು ಸ್ಟಾಕನ್ನೇ ಎಸೆಯುವವರಿದ್ದಾರೆ. ಸ್ಪಂಜ್ ಮೈಕ್ರೋ ಆರ್‌ಎನ್‌ಎಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಶ ಮಾಡಲೇಬೇಕೆಂದಿಲ್ಲ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಗುರಿ ಜೀನ್ ಏರಿದೆಯೇ ನೋಡಬೇಕು, ಇಲ್ಲವೇ ಆ ಮೈಕ್ರೋ ಆರ್‌ಎನ್‌ಎಯ ತಾಣಗಳಿರುವ ಹಸಿರು ಪ್ರೋಟೀನ್ ಸೆನ್ಸರ್ ಬೆಳಗಿದೆಯೇ ನೋಡಬೇಕು.

ಹೆಜ್ಜೆ 2: ಹಿನ್ನೆಲೆಯನ್ನು ಒಂದೇ ಮಾಡುವುದು

ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲಿಯೇ.

ಪ್ರಯೋಗಾಲಯದ ಹೆಚ್ಚಿನ ಸ್ಟಾಕ್‌ಗಳು ವೈಟ್ ಜೀನ್ ಕೆಟ್ಟಿರುವ, ಬಿಳಿ ಕಣ್ಣಿನ ನೊಣಗಳಿಂದ ಬಂದವು. ಕಣ್ಣಿನ ಬಣ್ಣಕಣ ಇಲ್ಲದ ನೊಣಕ್ಕೆ ಚಿತ್ರ ಮಸುಕಾಗಿ ಕಾಣುತ್ತದೆ, ಹಿಂಬಾಲಿಸುವುದು ಕಷ್ಟ. ಸೇರಿಸಿದ ಜೀನಿನ ಜೊತೆ ಬರುವ ಮಿನಿ-ವೈಟ್ ಗುರುತು ಕೆಲವು ಸ್ಟಾಕ್‌ಗಳಲ್ಲಿ ತಿಳಿಹಳದಿ ಕಣ್ಣು ಕೊಡುತ್ತದೆ, ಕೆಲವುಗಳಲ್ಲಿ ಗಾಢ ಕಿತ್ತಳೆ. ಹೀಗೆ ಒಂದು ಗುಂಪಿಗೆ ಕಣ್ಣು ಚೆನ್ನಾಗಿ ಕಂಡು ಇನ್ನೊಂದಕ್ಕೆ ಕಾಣದಿದ್ದರೆ ನೀವು ಅಳೆದದ್ದು ದೃಷ್ಟಿಯನ್ನು.

ಸುಲಭ ಪರಿಹಾರ ಕ್ರಾಸಿನ, ಅಂದರೆ ಎರಡು ಸ್ಟಾಕ್‌ಗಳನ್ನು ಕೂಡಿಸುವುದರ, ದಿಕ್ಕಿನಲ್ಲಿದೆ. ಗಂಡುಮರಿಗೆ ಎಕ್ಸ್ ಕ್ರೋಮೋಸೋಮ್ ಬರುವುದು ತಾಯಿಯಿಂದ ಮಾತ್ರ. ಗಾಲ್4 ಸ್ಟಾಕಿನ ಎಕ್ಸ್ ಅನ್ನು ಕೆಂಪು ಕಣ್ಣಿನ, ರೂಢಿಯ ಕಾಡುರೂಪದ ತಳಿಯಾದ ಕ್ಯಾಂಟನ್-ಎಸ್‌ನದಕ್ಕೆ ಬದಲಿಸಿ, ಯಾವಾಗಲೂ ಆ ಸ್ಟಾಕಿನ ವರ್ಜಿನ್ (ಎಂದೂ ಕೂಡಿರದ) ಹೆಣ್ಣುಗಳನ್ನೇ ತಾಯಿಯಾಗಿ ಬಳಸಿ. ಆಗ ಯುಎಎಸ್ ತಂದೆ ಯಾವುದೇ ಇರಲಿ, ಗಂಡುಮರಿಗಳಿಗೆಲ್ಲ ಕೆಂಪು ಕಣ್ಣು. ಕಂಟ್ರೋಲ್ ಕ್ರಾಸ್‌ಗಳನ್ನೂ ಅದೇ ದಿಕ್ಕಿನಲ್ಲಿ ಮಾಡಿ. ಗಾಲ್4 ಇಲ್ಲದ ಯುಎಎಸ್ ಕಂಟ್ರೋಲ್‌ಗೆ ಕ್ಯಾಂಟನ್-ಎಸ್ ಹೆಣ್ಣು ತಾಯಿಯಾಗಲಿ.

ಉಳಿದ ಕ್ರೋಮೋಸೋಮ್‌ಗಳಿಗೆ ಬ್ಯಾಕ್‌ಕ್ರಾಸ್, ಅಂದರೆ ಮ್ಯುಟೆಂಟ್ ನೊಣವನ್ನು ತಲೆಮಾರು ತಲೆಮಾರಾಗಿ ಕ್ಯಾಂಟನ್-ಎಸ್ ಜೊತೆ ಕೂಡಿಸುವುದು, ಬಿಟ್ಟರೆ ದಾರಿಯಿಲ್ಲ. ಆರು ತಲೆಮಾರು ಮಾಡಿದರೆ ಮ್ಯುಟೇಶನ್‌ಗೆ ಅಂಟಿಕೊಂಡಿರದ ಭಾಗಗಳಲ್ಲಿ ಸರಾಸರಿ ಶೇ. 98ಕ್ಕಿಂತ ಹೆಚ್ಚು ಬದಲಾಗಿರುತ್ತದೆ. ಪ್ರತಿ ಸಲವೂ ಮ್ಯುಟೇಶನ್ ಹೊತ್ತ ಹೆಣ್ಣನ್ನು ಆರಿಸಿ ಮುಂದುವರಿಸಿ, ಗಂಡನ್ನಲ್ಲ. ಡ್ರೋಸೊಫಿಲಾ ಗಂಡಿನಲ್ಲಿ ಕ್ರೋಮೋಸೋಮ್‌ಗಳ ನಡುವೆ ಮರುಜೋಡಣೆ ನಡೆಯುವುದಿಲ್ಲ, ಗಂಡಿನ ಮೂಲಕ ಎಷ್ಟು ತಲೆಮಾರು ಸಾಗಿಸಿದರೂ ಮ್ಯುಟೇಶನ್ ಇರುವ ಕ್ರೋಮೋಸೋಮ್ ಇಡಿಯಾಗಿ ಹಾಗೇ ಉಳಿಯುತ್ತದೆ. ಕೆಂಪು ಕಣ್ಣಿನ ಹಿನ್ನೆಲೆಯಲ್ಲಿ ಮಿನಿ-ವೈಟ್ ಗುರುತು ಕಣ್ಣಿಗೆ ಕಾಣಿಸದು. ಹಾಗಾಗಿ ಒಂದೊಂದೇ ಹೆಣ್ಣನ್ನು ಮೊಟ್ಟೆಗೆ ಬಿಟ್ಟು, ಆಮೇಲೆ ಅದೇ ಹೆಣ್ಣಿನಿಂದ ಡಿಎನ್‌ಎ ತೆಗೆದು ಪಿಸಿಆರ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು.

ಹೆಜ್ಜೆ 3: ಆಹಾರ ಮತ್ತು ಸಾಕಣೆ

ಆಹಾರದ ಪಾಕ ಯಾವುದೇ ಇರಲಿ, ಎಲ್ಲ ಜೀನೋಟೈಪ್‌ಗಳಿಗೂ (ಜೀನ್ ರಚನೆ ಬೇರೆಯಿರುವ ಎಲ್ಲ ಗುಂಪುಗಳಿಗೂ) ಒಂದೇ ಬ್ಯಾಚಿನದ್ದಾಗಿರಲಿ. ಮೆಕ್ಕೆಜೋಳದ ಹಿಟ್ಟಿನ ಪಾಕ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಡ್ರೋಸೊಫಿಲಾ ಸ್ಟಾಕ್ ಸೆಂಟರ್ ಇರುವ ಮೈಸೂರು ವಿಶ್ವವಿದ್ಯಾನಿಲಯದ ಪ್ರಯೋಗಾಲಯಗಳಲ್ಲಿ ರೂಢಿಯಾದ ರವೆ-ಬೆಲ್ಲದ ಪಾಕವೂ ನಂಬಬಹುದಾದದ್ದು: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, 7.5 ಮಿಲೀ ಪ್ರೊಪಿಯಾನಿಕ್ ಆಮ್ಲ. ಮೊದಲು ಅಗರ್ ಕರಗಿಸಿ, ಬೆಲ್ಲ ಹಾಕಿ ಸೋಸಿ, ರವೆಯನ್ನು ಉಪ್ಪಿಟ್ಟಿಗೆ ಉದುರಿಸುವಂತೆ ಕೈಯಾಡಿಸುತ್ತಾ ಸೇರಿಸಿ, ಗಂಟಾಗದಂತೆ ಬೇಯಿಸಿ. ಆಮ್ಲವನ್ನು 60 ಡಿಗ್ರಿಗೆ ಇಳಿದ ಮೇಲೆ ಹಾಕಬೇಕು. ಕುದಿಯುವಾಗ ಹಾಕಿದರೆ ಆವಿಯಾಗಿ ಹೋಗಿ ನಾಲ್ಕೇ ದಿನಕ್ಕೆ ಬೂಷ್ಟು ಬರುತ್ತದೆ. ಬೆಲ್ಲದ ಗುಣ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಪ್ರಯೋಗ ಮುಗಿಯುವವರೆಗೆ ಸಾಕಾಗುವಷ್ಟನ್ನು ಒಂದೇ ಸಲ ತಂದಿಡಿ. ಆಹಾರ ತುಂಬಿದ ವಯಲ್‌ಗಳನ್ನು (ನೊಣ ಸಾಕುವ ಸಣ್ಣ ಸೀಸೆಗಳನ್ನು) ರಾತ್ರಿಯಿಡೀ ಬಟ್ಟೆ ಮುಚ್ಚಿ ಆರಲು ಬಿಡಿ. ಗೋಡೆಯಲ್ಲಿ ನೀರಹನಿ ಇದ್ದರೆ ನೊಣದ ರೆಕ್ಕೆ ಅಂಟುತ್ತದೆ, ರೆಕ್ಕೆ ಕೆಟ್ಟ ಗಂಡು ಹಾಡಲಾರದು.

ಸಾಕಣೆಗೆ 25 ಡಿಗ್ರಿ ಸೆಲ್ಸಿಯಸ್, ಶೇ. 60 ತೇವಾಂಶ, 12 ಗಂಟೆ ಬೆಳಕು ಮತ್ತು 12 ಗಂಟೆ ಕತ್ತಲೆ. ವಯಲ್‌ಗೆ 10 ಹೆಣ್ಣು, 5 ಗಂಡು ಬಿಟ್ಟು ಎರಡು ದಿನಕ್ಕೊಮ್ಮೆ ಹೊಸ ವಯಲ್‌ಗೆ ವರ್ಗಾಯಿಸಿ. ಕಿಕ್ಕಿರಿದ ವಯಲ್‌ನಲ್ಲಿ ಬೆಳೆದ ಹುಳುಗಳಿಂದ ಸಣ್ಣ ಗಂಡುಗಳು ಹುಟ್ಟುತ್ತವೆ, ಸಣ್ಣ ಗಂಡು ಪೈಪೋಟಿಯಲ್ಲಿ ಸೋಲುತ್ತದೆ. ಈ ಸೋಲಿಗೂ ಮೈಕ್ರೋ ಆರ್‌ಎನ್‌ಎಗೂ ಸಂಬಂಧವಿಲ್ಲ.

ಹೆಜ್ಜೆ 4: ನೊಣಗಳನ್ನು ಆರಿಸಿಡುವುದು

ಬೆಳಗ್ಗೆ ವಯಲ್‌ನ ನೊಣಗಳನ್ನೆಲ್ಲ ತೆಗೆದುಹಾಕಿ, ಆಮೇಲೆ ಆರು ಗಂಟೆಯೊಳಗೆ ಹೊರಬಂದವುಗಳನ್ನು ಮಾತ್ರ ಆರಿಸಿ. 25 ಡಿಗ್ರಿಯಲ್ಲಿ ಹೆಣ್ಣು ಸುಮಾರು ಎಂಟು ಗಂಟೆಯವರೆಗೆ ಕೂಡುವುದಿಲ್ಲ. ಹೊಸದಾಗಿ ಹುಟ್ಟಿದ ನೊಣದ ಬಿಳುಚಿದ ಹೊಟ್ಟೆಯ ಮೇಲೆ ಕಾಣುವ ಕಪ್ಪು ಚುಕ್ಕೆ, ಅಂದರೆ ಕರುಳಿನಲ್ಲಿ ಉಳಿದ ಮೆಕೋನಿಯಮ್, ನಂಬಬಹುದಾದ ಗುರುತು.

ಗಂಡುಗಳನ್ನು ಒಂದೊಂದಾಗಿ ಬೇರೆ ಬೇರೆ ಕೊಳವೆಯಲ್ಲಿಡಿ. ಗುಂಪಿನಲ್ಲಿಟ್ಟರೆ ಎಳೆಯ ಗಂಡುಗಳು ಒಂದನ್ನೊಂದು ಪ್ರಣಯಿಸಿ, ತಿರಸ್ಕೃತವಾಗಿ, ಆ ಪಾಠವನ್ನು ನೆನಪಿಟ್ಟುಕೊಂಡು ಮುಂದೆ ಹಿಂಜರಿಯುತ್ತವೆ. ಮಿರ್-124ರಂತೆ ಮ್ಯುಟೆಂಟ್ ಗಂಡೇ ಬೇರೆ ಗಂಡುಗಳನ್ನು ಸೆಳೆಯುವ ಕಡೆ ಇದು ಇನ್ನೂ ದೊಡ್ಡ ತೊಡಕು: ಮ್ಯುಟೆಂಟ್ ಗುಂಪಿನ ಅನುಭವವೂ ಕಂಟ್ರೋಲ್ ಗುಂಪಿನ ಅನುಭವವೂ ಬೇರೆಯಾಗಿಬಿಡುತ್ತದೆ. ಹೆಣ್ಣುಗಳನ್ನು ವಯಲ್‌ಗೆ 10ರಿಂದ 15ರಂತೆ ಇಡಬಹುದು. ಮೂರು ದಿನದ ಮೇಲೆ ಆ ವಯಲ್‌ನಲ್ಲಿ ಹುಳು ಕಂಡರೆ ಯಾವುದೋ ಹೆಣ್ಣು ಕೂಡಿದೆ ಎಂದರ್ಥ. ಒಂದನ್ನು ಹುಡುಕುತ್ತಾ ಕೂರದೆ ಇಡೀ ವಯಲನ್ನು ಬಿಟ್ಟುಬಿಡಿ.

ಕಾರ್ಬನ್ ಡೈಆಕ್ಸೈಡ್ ಬಳಸುವುದು ಈ ಒಂದು ಸಲ ಮಾತ್ರ, ಅದೂ ಐದು ನಿಮಿಷದೊಳಗೆ. ಪರೀಕ್ಷೆಯ ದಿನ ನೊಣಗಳನ್ನು ಬಾಯಿಯ ಆಸ್ಪಿರೇಟರಿನಿಂದ ಎಳೆದು ವರ್ಗಾಯಿಸಿ. ಹಿಂದಿನ 24 ಗಂಟೆಯಲ್ಲಿ ಅರಿವಳಿಕೆ ಕೊಟ್ಟ ಗಂಡುಗಳ ಪ್ರಣಯ ಕುಗ್ಗಿರುತ್ತದೆ. ಪರೀಕ್ಷೆಗೆ ಸರಿಯಾದ ವಯಸ್ಸು 4ರಿಂದ 6 ದಿನ.

ಹೆಜ್ಜೆ 5: ಕೋಣೆ ಮತ್ತು ಚಿತ್ರೀಕರಣ

10 ಮಿಮೀ ಅಗಲ, 4 ಮಿಮೀ ಎತ್ತರದ ದುಂಡು ಕೋಣೆಗಳನ್ನು ಅಕ್ರಿಲಿಕ್ ಹಾಳೆಯಲ್ಲಿ ಕೊರೆಸಿ, ಒಂದು ಹಾಳೆಗೆ 12ರಿಂದ 20. ಎತ್ತರ ಇದಕ್ಕಿಂತ ಹೆಚ್ಚಾದರೆ ನೊಣಗಳು ಹಾರುತ್ತವೆ, ಗೋಡೆ ಹತ್ತಿ ಕ್ಯಾಮೆರಾಗೆ ಪಕ್ಕೆ ತೋರಿಸುತ್ತವೆ, ರೆಕ್ಕೆ ಚಾಚಿದ್ದು ಕಾಣುವುದಿಲ್ಲ. ಕೆಳಗಿನಿಂದ ಸಮನಾದ ಬಿಳಿ ಬೆಳಕು, ಮೇಲಿನಿಂದ ಸೆಕೆಂಡಿಗೆ 25 ಅಥವಾ 30 ಚೌಕಟ್ಟು ತೆಗೆಯುವ ಕ್ಯಾಮೆರಾ ಸಾಕು. ರೆಕ್ಕೆಹಾಡಿನ ಒಳವಿವರ, ಅಂದರೆ ಸುಮಾರು 35 ಮಿಲಿಸೆಕೆಂಡಿಗೊಮ್ಮೆ ಬರುವ ತುಡಿತಗಳ ಅಂತರ, ಬೇಕಿದ್ದರೆ ಕ್ಯಾಮೆರಾ ಸಾಲದು. ಸೂಕ್ಷ್ಮ ಮೈಕ್ರೋಫೋನ್ ಇರುವ ಬೇರೆ ಕೋಣೆ ಬೇಕು.

ಪ್ರತಿ ಸುತ್ತಿನ ನಂತರ ಕೋಣೆಯನ್ನು ಸೋಪಿಲ್ಲದ ಬಿಸಿನೀರಿನಲ್ಲಿ ತೊಳೆದು, ಶೇ. 70ರ ಎಥನಾಲ್‌ನಿಂದ ಬೇಗನೆ ಒರೆಸಿ, ಮತ್ತೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಥನಾಲ್‌ನಲ್ಲಿ ನೆನೆಹಾಕಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಹಿಂದಿನ ಜೋಡಿ ಬಿಟ್ಟ ಫೆರೊಮೋನ್ ಉಳಿದರೆ ಮುಂದಿನ ಗಂಡಿನ ನಡತೆ ಬದಲಾಗುತ್ತದೆ.

ಬೆಳಕು ಹತ್ತಿದ ಮೊದಲ ಮೂರು ಗಂಟೆಯೊಳಗೆ ಪರೀಕ್ಷೆ ಮುಗಿಸಿ. ಹೆಣ್ಣನ್ನು ಮೊದಲು ಬಿಡಿ, ತಡೆಹಾಳೆಯ ಆಚೆ ಗಂಡನ್ನು ಬಿಡಿ, ಎರಡು ನಿಮಿಷ ಕಾದು ತಡೆ ಸರಿಸಿ. ಒಂದೇ ಹಾಳೆಯಲ್ಲಿ ಎಲ್ಲ ಜೀನೋಟೈಪ್‌ಗಳೂ ಬೆರೆತಿರಲಿ. ಬೆಳಗ್ಗೆ ಕಂಟ್ರೋಲ್, ಮಧ್ಯಾಹ್ನ ಮ್ಯುಟೆಂಟ್ ಎಂದು ಮಾಡಿದ ದಿನ ಹೊತ್ತಿನ ಪರಿಣಾಮವೇ ಫಲಿತಾಂಶವಾಗುತ್ತದೆ. ಕೊಳವೆಗಳಿಗೆ ಸಂಕೇತ ಸಂಖ್ಯೆ ಹಾಕುವ ಕೆಲಸವನ್ನು ವಿಡಿಯೊ ಎಣಿಸದ ಇನ್ನೊಬ್ಬರಿಗೆ ಕೊಡಿ.

ಹೆಜ್ಜೆ 6: ಎಣಿಕೆ

ಮೊದಲ 10 ನಿಮಿಷ, ಅಥವಾ ಕೂಡುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಗಂಡು ಪ್ರಣಯದಲ್ಲಿ ಕಳೆದ ಸೆಕೆಂಡುಗಳನ್ನು ಒಟ್ಟು ಸೆಕೆಂಡುಗಳಿಂದ ಭಾಗಿಸಿದರೆ ಪ್ರಣಯ ಸೂಚ್ಯಂಕ. 600 ಸೆಕೆಂಡಿನಲ್ಲಿ 390 ಸೆಕೆಂಡು ಪ್ರಣಯಿಸಿದ್ದರೆ 0.65. ಗಂಡು ಮೂರೇ ನಿಮಿಷಕ್ಕೆ ಕೂಡಿದರೆ ಭಾಗಿಸಬೇಕಾದದ್ದು 180ರಿಂದ. 600ರಿಂದ ಭಾಗಿಸಿ ಅತ್ಯಂತ ಚುರುಕು ಗಂಡನ್ನು ಸೋಮಾರಿಯನ್ನಾಗಿ ಮಾಡಬೇಡಿ.

ಸೂಚ್ಯಂಕ ಒಂದೇ ಸಾಲದು. ಪ್ರಣಯ ಶುರುವಾಗಲು ಹಿಡಿದ ಸಮಯ, ರೆಕ್ಕೆ ಚಾಚಿದ ಒಟ್ಟು ಸಮಯ, ಕೂಡಲು ಮಾಡಿದ ಯತ್ನಗಳು, 30 ನಿಮಿಷದೊಳಗೆ ಕೂಡಿತೇ ಇಲ್ಲವೇ, ಇವಿಷ್ಟನ್ನೂ ಬೇರೆ ಬೇರೆ ಬರೆದಿಡಿ. ತಡವಾಗಿ ಶುರುಮಾಡಿ ಆಮೇಲೆ ಸರಿಯಾಗಿ ನಡೆದುಕೊಳ್ಳುವ ಗಂಡಿಗೂ, ಬೇಗ ಶುರುಮಾಡಿ ಹಾಡದೆ ಹಿಂಬಾಲಿಸುವ ಗಂಡಿಗೂ ಒಂದೇ ಸೂಚ್ಯಂಕ ಬರಬಹುದು, ಆದರೆ ಎರಡರ ಹಿಂದಿನ ಕಾರಣ ಒಂದೇ ಅಲ್ಲ.

ಎಷ್ಟು ಜೋಡಿ ಬೇಕು? ಪ್ರಮಾಣ ವಿಚಲನೆ 0.25 ಇದ್ದು 0.2ರ ವ್ಯತ್ಯಾಸವನ್ನು ಶೇ. 80 ಸಂಭವನೀಯತೆಯಿಂದ ಹಿಡಿಯಲು ಗುಂಪಿಗೆ ಸುಮಾರು 25 ಜೋಡಿ ಸಾಕು, ಸೋರಿಕೆಗೆಂದು 32 ಇಡಿ. ವ್ಯತ್ಯಾಸ 0.1 ಮಾತ್ರ ಎಂದು ಅಂದಾಜಿದ್ದರೆ ಅದೇ ಲೆಕ್ಕ 100 ಕೇಳುತ್ತದೆ. ಇವನ್ನು ಕನಿಷ್ಠ ಮೂರು ಬೇರೆ ಬೇರೆ ಕ್ರಾಸ್‌ಗಳಿಂದ ಬಂದ ನೊಣಗಳಲ್ಲಿ ಹಂಚಿ. ಸೂಚ್ಯಂಕ 0 ಮತ್ತು 1ರ ನಡುವೆ ಸಿಕ್ಕಿಕೊಂಡ ಸಂಖ್ಯೆ, ಗಂಟೆಯಾಕಾರದಲ್ಲಿ ಹರಡುವುದಿಲ್ಲ. ಎರಡು ಗುಂಪಿಗೆ ಮ್ಯಾನ್-ವಿಟ್ನಿ, ಹೆಚ್ಚಿನದಕ್ಕೆ ಕ್ರಸ್ಕಲ್-ವಾಲಿಸ್ ಬಳಸಿ. ಕೂಡಲು ಹಿಡಿದ ಸಮಯಕ್ಕೆ ಲಾಗ್-ರ್ಯಾಂಕ್ ಪರೀಕ್ಷೆ, ಕೂಡದೇ ಉಳಿದ ಜೋಡಿಗಳನ್ನು ಬಿಟ್ಟುಬಿಡದೆ ಅಪೂರ್ಣವೆಂದು ಸೇರಿಸಿಕೊಂಡು. ಸ್ಪಂಜ್ ಗುಂಪು ಗಾಲ್4 ಕಂಟ್ರೋಲ್‌ಗೂ ಯುಎಎಸ್ ಕಂಟ್ರೋಲ್‌ಗೂ ಎರಡಕ್ಕೂ ಭಿನ್ನವಾಗಿರಬೇಕು. ಒಂದಕ್ಕೆ ಮಾತ್ರ ಭಿನ್ನವಾಗಿದ್ದರೆ ಪರಿಣಾಮ ಸಿಕ್ಕಿಲ್ಲ.

ಆ ದಿನ ಕ್ಯಾಂಟನ್-ಎಸ್ ಗಂಡುಗಳ ಸರಾಸರಿಯೇ 0.5ಕ್ಕಿಂತ ಕೆಳಗಿದ್ದರೆ ಆ ದಿನದ ಎಲ್ಲ ಗುಂಪುಗಳ ಅಂಕಿಗಳನ್ನೂ ಬಿಡಬೇಕು ಎಂಬ ನಿಯಮವನ್ನು ಪ್ರಯೋಗಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ. ಫಲಿತಾಂಶ ನೋಡಿದ ಮೇಲೆ ಮಾಡುವ ನಿಯಮಕ್ಕೆ ಬೆಲೆಯಿಲ್ಲ.

ಹೆಜ್ಜೆ 7: ದೋಷ ಯಾರಲ್ಲಿದೆ?

ಸೂಚ್ಯಂಕ ಇಳಿದಿದೆ ಎಂದು ಖಚಿತವಾದ ಮೇಲೆ ನಿಜವಾದ ಕುತೂಹಲದ ಕೆಲಸ ಶುರು.

ಮೊದಲು ನಡಿಗೆ. ಅದೇ ಕೋಣೆಯಲ್ಲಿ ಗಂಡನ್ನು ಒಂಟಿಯಾಗಿ ಬಿಟ್ಟು, ನಡುಗೆರೆಯನ್ನು ಐದು ನಿಮಿಷದಲ್ಲಿ ಎಷ್ಟು ಸಲ ದಾಟುತ್ತದೆ ಎಣಿಸಿ. ಹತ್ತು ನೊಣಗಳನ್ನು ಕೊಳವೆಯಲ್ಲಿ ತಟ್ಟಿ ಕೆಡವಿ, 10 ಸೆಕೆಂಡಿನಲ್ಲಿ 8 ಸೆಂಮೀ ಗೆರೆ ದಾಟಿದವನ್ನು ಎಣಿಸಿ. ಲೆಟ್-7 ಗುಂಪನ್ನು ಕಳೆದುಕೊಂಡ ನೊಣಗಳಲ್ಲಿ ನರ-ಸ್ನಾಯು ಜೋಡಣೆಯೇ ಪ್ರೌಢರೂಪಕ್ಕೆ ಬರುವುದಿಲ್ಲ, ಹಾರಾಟವೂ ನಡಿಗೆಯೂ ಕೆಡುತ್ತವೆ. ಅಂಥ ನೊಣ ಪ್ರಣಯಿಸದಿದ್ದರೆ ಅದನ್ನು ಪ್ರಣಯದ ದೋಷ ಎನ್ನಲಾಗದು.

ಆಮೇಲೆ ಪಾತ್ರ ಅದಲುಬದಲು. ಮ್ಯುಟೆಂಟ್ ಗಂಡಿಗೆ ಕ್ಯಾಂಟನ್-ಎಸ್‌ನ ತಲೆ ತೆಗೆದ ವರ್ಜಿನ್ ಹೆಣ್ಣು ಕೊಡಿ. ತಲೆ ತೆಗೆದ ಹೆಣ್ಣು ಹಲವು ಗಂಟೆ ನಿಂತಿರುತ್ತದೆ, ಓಡುವುದಿಲ್ಲ, ಒಪ್ಪುವುದೂ ಇಲ್ಲ, ಹಾಗಾಗಿ ಅಳೆಯುವುದೆಲ್ಲ ಗಂಡಿನದ್ದೇ. ತಿರುಗಿಸಿ, ಕ್ಯಾಂಟನ್-ಎಸ್ ಗಂಡಿಗೆ ತಲೆ ತೆಗೆದ ಮ್ಯುಟೆಂಟ್ ಗಂಡನ್ನು ಗುರಿಯಾಗಿ ಕೊಡಿ, ಪಕ್ಕದಲ್ಲಿ ತಲೆ ತೆಗೆದ ಕಂಟ್ರೋಲ್ ಗಂಡನ್ನು ಗುರಿಯಾಗಿಟ್ಟ ಗುಂಪೂ ಇರಲಿ. ಮ್ಯುಟೆಂಟ್ ಗುರಿಯ ಮೇಲೆ ಪ್ರಣಯ ಹೆಚ್ಚಾದರೆ ಕೆಟ್ಟಿರುವುದು ಮೈವಾಸನೆ. ಇದೇ ಪರೀಕ್ಷೆಯನ್ನು ಮಂದ ಕೆಂಪು ಬೆಳಕಿನಲ್ಲೂ ಮಾಡಿ, ನೊಣಕ್ಕೆ ಅದು ಹೆಚ್ಚುಕಡಿಮೆ ಕತ್ತಲೆ, ರೂಪದ ಪಾತ್ರ ಕಳೆಯುತ್ತದೆ.

ಮೈವಾಸನೆಯ ಶಂಕೆ ಬಂದರೆ ರಾಸಾಯನಿಕ ವಿಶ್ಲೇಷಣೆಗೆ ಹೋಗಿ. ಒಂದೇ ವಯಸ್ಸಿನ, ಎಂದೂ ಕೂಡಿರದ ಐದು ಗಂಡುಗಳನ್ನು ಗಾಜಿನ ಸೀಸೆಯಲ್ಲಿ 120 ಮೈಕ್ರೋಲೀಟರ್ ಹೆಕ್ಸೇನ್‌ನಲ್ಲಿ 20 ನಿಮಿಷ ನೆನೆಸಿ, ಅಳತೆಗೆಂದು ಹೆಕ್ಸಕೋಸೇನ್ ಅನ್ನು ಮಿಲೀಗೆ 10 ಮೈಕ್ರೋಗ್ರಾಂನಂತೆ ಮೊದಲೇ ಸೇರಿಸಿರಿ, ಸಾರವನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್-ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡಿ. ಪ್ಲಾಸ್ಟಿಕ್ ಕೊಳವೆ ಬಳಸಿದರೆ ಹೆಕ್ಸೇನ್ ಪ್ಲಾಸ್ಟಿಕ್ಕಿನ ಅಂಶವನ್ನೇ ಬಿಡಿಸಿಕೊಂಡು ಶಿಖರಗಳನ್ನು ಕಲಸುತ್ತದೆ. ನೋಡಬೇಕಾದ್ದು ಗಂಡಿನ 7-ಟ್ರೈಕೊಸೀನ್, 7-ಪೆಂಟಕೊಸೀನ್, ಸಿಸ್-ವ್ಯಾಕ್ಸೆನೈಲ್ ಅಸಿಟೇಟ್, ಮತ್ತು ಗಂಡಿನಲ್ಲಿ ಇರಬಾರದ, ಹೆಣ್ಣಿನ 7,11-ಹೆಪ್ಟಕೊಸಡೈಯೀನ್. ಮೈಮೇಲಿನ ಹೈಡ್ರೋಕಾರ್ಬನ್‌ಗಳು ಹೊಟ್ಟೆಯ ಈನೊಸೈಟ್ ಕೋಶಗಳಲ್ಲಿ ತಯಾರಾಗುತ್ತವೆ, ಸಿಸ್-ವ್ಯಾಕ್ಸೆನೈಲ್ ಅಸಿಟೇಟ್ ತಯಾರಾಗುವುದು ವೀರ್ಯ ಚಿಮ್ಮಿಸುವ ಅಂಗದಲ್ಲಿ (ಎಜಾಕ್ಯುಲೇಟರಿ ಬಲ್ಬ್). ಎರಡೂ ಒಟ್ಟಿಗೆ ಕೆಟ್ಟಿದ್ದರೆ ದೋಷ ಒಂದು ಅಂಗದ್ದಲ್ಲ, ಅದಕ್ಕೂ ಮೇಲಿನ ಲಿಂಗನಿರ್ಧಾರದ ಸರಪಳಿಯಲ್ಲಿದೆ ಎಂದು ಊಹಿಸಲು ಕಾರಣ ಸಿಗುತ್ತದೆ.

ಹೆಜ್ಜೆ 8: ಎಲ್ಲಿ, ಯಾವಾಗ

ಸ್ಪಂಜನ್ನು ಮೊದಲು ಎಲ್ಲ ನರಕೋಶಗಳಲ್ಲಿ, ಆಮೇಲೆ ಫ್ರೂಟ್‌ಲೆಸ್ ಗಾಲ್4 ಇರುವ ನರಕೋಶಗಳಲ್ಲಿ, ಬೇರೆಯಾಗಿ ಈನೊಸೈಟ್‌ಗಳಲ್ಲಿ ಹೊರಡಿಸಿ. ಫ್ರೂಟ್‌ಲೆಸ್ ಗಾಲ್4 ಅನ್ನು ಆ ಜೀನಿನೊಳಗೇ ಸೇರಿಸಿರುವ ಸ್ಟಾಕ್‌ಗಳಲ್ಲಿ ಫ್ರೂಟ್‌ಲೆಸ್‌ನ ಒಂದು ಪ್ರತಿ ಕಡಿಮೆಯಾಗಿರುತ್ತದೆ. ಗಾಲ್4 ಒಂದೇ ಇರುವ ಕಂಟ್ರೋಲ್ ಇಲ್ಲದೆ ಇದನ್ನು ಬಳಸಲೇಬಾರದು.

ಬೆಳವಣಿಗೆಯ ಕಾಲದ ಪರಿಣಾಮವೇ, ಪ್ರೌಢ ನೊಣದ ದಿನನಿತ್ಯದ ಅಗತ್ಯವೇ ಎಂದು ತಿಳಿಯಲು ಗಾಲ್4 ಅನ್ನು ತಡೆಯುವ, ತಾಪಕ್ಕೆ ಸ್ಪಂದಿಸುವ ಗಾಲ್80 ಪ್ರೋಟೀನ್ ಸೇರಿಸಿ. 18 ಡಿಗ್ರಿಯಲ್ಲಿ ಗಾಲ್4 ಅಡಗಿರುತ್ತದೆ, 29ರಲ್ಲಿ ಕೆಲಸ ಮಾಡುತ್ತದೆ. 18ರಲ್ಲಿ ಬೆಳೆಸಿದ ನೊಣ ಹೊರಬರಲು ಹೆಚ್ಚುಕಡಿಮೆ ಎರಡು ಪಟ್ಟು ದಿನ ಬೇಕು, ಕ್ರಾಸ್‌ಗಳನ್ನು ಆ ಲೆಕ್ಕದಲ್ಲಿ ಹಾಕಿ. ಹೊರಬಂದ ಗಂಡುಗಳನ್ನು ನಾಲ್ಕು ದಿನ 29ರಲ್ಲಿಟ್ಟು, ಪರೀಕ್ಷೆಗೆ ಒಂದು ಗಂಟೆ ಮೊದಲು ಎಲ್ಲ ಗುಂಪುಗಳನ್ನೂ 25ಕ್ಕೆ ತನ್ನಿ.

ಹೆಜ್ಜೆ 9: ಆರ್‌ಎನ್‌ಎ ಅಳತೆ

30ರಿಂದ 50 ತಲೆಗಳು ಸಾಕು. ನೊಣಗಳನ್ನು ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಜೋರಾಗಿ ಅಲುಗಿಸಿದರೆ ತಲೆ, ಕಾಲು, ಮೈ ಬೇರೆಯಾಗುತ್ತವೆ, ತಣ್ಣಗಿನ ಜರಡಿಯಲ್ಲಿ ತಲೆಗಳನ್ನು ಬೇರ್ಪಡಿಸಿ. ಸಾಮಾನ್ಯ ಕಾಲಮ್ ಕಿಟ್‌ಗಳು 200 ಅಕ್ಷರಕ್ಕಿಂತ ಚಿಕ್ಕ ಆರ್‌ಎನ್‌ಎಯನ್ನು ತೊಳೆದು ಚೆಲ್ಲುತ್ತವೆ, ನಿಮಗೆ ಬೇಕಾದದ್ದೇ ಅದು. ಟ್ರೈಜಾಲ್ ಬಳಸಿ, ಗ್ಲೈಕೊಜೆನ್ ಸೇರಿಸಿ, ಐಸೊಪ್ರೊಪನಾಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ, ಶೇ. 80ರ ಎಥನಾಲ್‌ನಲ್ಲಿ ತೊಳೆಯಿರಿ.

ಅಳತೆಗೆ ಸ್ಟೆಮ್-ಲೂಪ್ ಪ್ರೈಮರ್ (ಪ್ರತಿ ತೆಗೆಯಲು ಆರಂಭ ಕೊಡುವ ಡಿಎನ್‌ಎ ತುಣುಕು) ವಿಧಾನ ಸರಳ. ಸಣ್ಣ ಆರ್‌ಎನ್‌ಎಗಳ ಸೀಕ್ವೆನ್ಸಿಂಗ್ ಮಾಡಿಸುವುದಾದರೆ ನೊಣದಲ್ಲಿ ಮಾತ್ರ ಎದುರಾಗುವ ತೊಡಕೊಂದಿದೆ: 2ಎಸ್ ರೈಬೋಸೋಮ್ ಆರ್‌ಎನ್‌ಎ. ಇದರ ಉದ್ದ 30 ಅಕ್ಷರ, ಪ್ರಮಾಣ ಅಪಾರ, ಸಣ್ಣ ಆರ್‌ಎನ್‌ಎಗಳ ಜೊತೆ ಸೇರಿಕೊಂಡು ಓದುಗಳನ್ನೆಲ್ಲ ತಿಂದುಹಾಕುತ್ತದೆ. ಜೆಲ್‌ನಲ್ಲಿ 18ರಿಂದ 28 ಅಕ್ಷರದ ಪಟ್ಟಿಯನ್ನು ಮಾತ್ರ ಕತ್ತರಿಸಿ, ಜೊತೆಗೆ 2ಎಸ್‌ಗೆ ಅಂಟಿ ಅದನ್ನು ತಡೆಯುವ ತುಣುಕು ಡಿಎನ್‌ಎ ಹಾಕಿ. ಮಾನವ ಮಾದರಿಗಳಿಗೆ ತಯಾರಾದ ಕಿಟ್ ಇದನ್ನು ತಾನಾಗಿ ಮಾಡುವುದಿಲ್ಲ.

ಹೆಜ್ಜೆ 10: ಗುರಿ ಜೀನ್

ಕಂಪ್ಯೂಟರ್ ಅಂದಾಜು ಒಂದು ಮೈಕ್ರೋ ಆರ್‌ಎನ್‌ಎಗೆ ನೂರಾರು ಗುರಿಗಳನ್ನು ಕೊಡುತ್ತದೆ. ಬೇರೆ ಡ್ರೋಸೊಫಿಲಾ ಪ್ರಭೇದಗಳಲ್ಲೂ ಉಳಿದುಬಂದ ತಾಣ, ಅದೇ ಕೋಶದಲ್ಲಿ ಹೊರಡುವ ಜೀನ್, ಮ್ಯುಟೆಂಟ್‌ನಲ್ಲಿ ಏರಿದ ಸಂದೇಶ, ಈ ಮೂರು ಜರಡಿ ದಾಟಿದವನ್ನು ಮಾತ್ರ ಇಟ್ಟುಕೊಳ್ಳಿ. ಮಿರ್-124ರ ಸೀಡ್ ಎಎಜಿಜಿಸಿಎಸಿ, ಆದ್ದರಿಂದ ಹುಡುಕಬೇಕಾದ ತಾಣ ಜಿಟಿಜಿಸಿಸಿಟಿಟಿ. ಟ್ರಾನ್ಸ್‌ಫಾರ್ಮರ್ ಅಳೆಯುವಾಗ ಗಂಡು ರೂಪ, ಹೆಣ್ಣು ರೂಪಗಳಿಗೆ ಬೇರೆ ಬೇರೆ ಪ್ರೈಮರ್ ಇರಲಿ. ಒಟ್ಟು ಪ್ರಮಾಣ ನೋಡಿದರೆ ನಡೆದ ಬದಲಾವಣೆ ಮರೆಯಾಗುತ್ತದೆ.

ನೊಣದಿಂದ ಬಂದು ಪ್ರಯೋಗಾಲಯದಲ್ಲಿ ಬೆಳೆಸುವ ಎಸ್2 ಕೋಶಗಳಲ್ಲಿ ಲೂಸಿಫರೇಸ್ (ಬೆಳಕು ಸೂಸುವ ಕಿಣ್ವ) ಪರೀಕ್ಷೆ ಮುಂದಿನದು. ಗುರಿಯ 3' ಯುಟಿಆರ್ ಅನ್ನು ರೆನಿಲಾ ಲೂಸಿಫರೇಸ್‌ಗೆ ಅಂಟಿಸಿ, ಮೈಕ್ರೋ ಆರ್‌ಎನ್‌ಎ ಸೇರಿಸಿದಾಗ ಬೆಳಕು ಇಳಿಯಬೇಕು. ಸೀಡ್ ತಾಣದ ನಡುವಿನ ಮೂರು ಅಕ್ಷರ ಬದಲಿಸಿದಾಗ ಇಳಿಯಬಾರದು. ಇದು ತಾಣ ಕೆಲಸ ಮಾಡಬಲ್ಲದು ಎಂದು ತೋರಿಸುತ್ತದೆ, ನೊಣದ ಮಿದುಳಿನಲ್ಲಿ ಮಾಡುತ್ತಿದೆ ಎಂದಲ್ಲ. ಮ್ಯುಟೆಂಟ್ ಹಿನ್ನೆಲೆಯಲ್ಲಿ ಗುರಿ ಜೀನಿನ ಒಂದು ಪ್ರತಿ ಕಳೆದರೆ ಪ್ರಣಯ ಸುಧಾರಿಸುತ್ತದೆಯೇ ಎಂಬುದು ಅದಕ್ಕಿಂತ ಗಟ್ಟಿ ಸಾಕ್ಷ್ಯ.

ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಹೇಗಿರುತ್ತದೆ ಎಂಬುದಕ್ಕೆ ಹೆಣ್ಣಿನ ಪ್ರಕರಣ ನೋಡಬೇಕು. ಮಿರ್-ಐಎಬಿ-4 ಮತ್ತು 8 ಇಲ್ಲದ ವರ್ಜಿನ್ ಹೆಣ್ಣು ಎಂದೂ ಕೂಡದಿದ್ದರೂ ಕೂಡಿದ ಹೆಣ್ಣಿನಂತೆ ವರ್ತಿಸುತ್ತದೆ: ಗಂಡನ್ನು ತಿರಸ್ಕರಿಸುತ್ತದೆ, ಮೊಟ್ಟೆ ಇಡುತ್ತದೆ. ಎರಿಕ್ ಲೈ ಅವರ ತಂಡ 2020ರಲ್ಲಿ ಮೈಕ್ರೋ ಆರ್‌ಎನ್‌ಎಯನ್ನು ಮುಟ್ಟದೆ, ಗುರಿಯಾದ ಹೋಮೋಥೊರ್ಯಾಕ್ಸ್ ಜೀನಿನ 3' ಯುಟಿಆರ್‌ನಲ್ಲಿರುವ ತಾಣಗಳನ್ನು ಮಾತ್ರ ಕೆಡಿಸಿ ಅದೇ ನಡತೆಯನ್ನು ಕಂಡಿತು. ನರಕೋಶಗಳಲ್ಲಿ ಆ ಜೀನಿನ ಬಾಲ ಉದ್ದವಾಗಿರುತ್ತದೆ, ತಾಣಗಳು ಆ ಹೆಚ್ಚುವರಿ ಭಾಗದಲ್ಲೂ ಇವೆ. ಹಾಗಾಗಿ ಸಾಮಾನ್ಯ ದತ್ತಾಂಶದಲ್ಲಿ ಸಿಗುವ ಚಿಕ್ಕ ಯುಟಿಆರ್ ಇಟ್ಟುಕೊಂಡು ತಾಣ ಹುಡುಕಿದರೆ ಅರ್ಧ ಕಥೆ ತಪ್ಪುತ್ತದೆ. ನಿಮ್ಮ ಗುರಿಗೂ ತಲೆಯ ಆರ್‌ಎನ್‌ಎಯಿಂದ ಬಾಲದ ನಿಜವಾದ ಉದ್ದವನ್ನು ಮೊದಲು ಪತ್ತೆ ಮಾಡಿ.

ಹೆಣ್ಣಿನ ಒಪ್ಪಿಗೆಯ ಪರೀಕ್ಷೆ ಗಂಡಿನದಕ್ಕಿಂತ ಸರಳ. ನಾಲ್ಕು ದಿನದ ಒಂದು ವರ್ಜಿನ್, ಅನುಭವವಿಲ್ಲದ ಒಂದು ಕ್ಯಾಂಟನ್-ಎಸ್ ಗಂಡು, ಒಂದು ಗಂಟೆ, ಐದು ನಿಮಿಷಕ್ಕೊಮ್ಮೆ ಎಷ್ಟು ಜೋಡಿ ಕೂಡಿವೆ ಎಂಬ ಎಣಿಕೆ. ಗಂಡು ಪ್ರಣಯಿಸದ ಜೋಡಿಗಳನ್ನು ಲೆಕ್ಕದಿಂದ ಬಿಡಿ, ಅಲ್ಲಿ ಹೆಣ್ಣಿಗೆ ಒಪ್ಪುವ ಅಥವಾ ಬಿಡುವ ಅವಕಾಶವೇ ಬಂದಿರುವುದಿಲ್ಲ. ಮೊಟ್ಟೆನಾಳ ಹೊರಚಾಚಿ ತಿರಸ್ಕರಿಸುವುದನ್ನು ಬೇರೆಯಾಗಿ ಎಣಿಸಿ, ವರ್ಜಿನ್ ಇಟ್ಟ ಮೊಟ್ಟೆಗಳನ್ನು 24 ಗಂಟೆಗೊಮ್ಮೆ ಎರಡು ದಿನ ಎಣಿಸಿ. ಈ ಮೈಕ್ರೋ ಆರ್‌ಎನ್‌ಎ ಜಾಗವನ್ನು ಅಳಿಸಿದ ನೊಣಗಳಲ್ಲಿ ಗಂಡು ಹೆಣ್ಣು ಎರಡಕ್ಕೂ ಸಂತಾನವಾಗುವುದಿಲ್ಲ, ಸ್ಟಾಕನ್ನು ಬ್ಯಾಲೆನ್ಸರ್ (ಮರುಜೋಡಣೆ ತಡೆಯುವ ವಿಶೇಷ ಕ್ರೋಮೋಸೋಮ್) ಎದುರು ಒಂದೇ ಪ್ರತಿಯಲ್ಲಿ ಕಾಪಾಡಿಕೊಂಡು ಪ್ರತಿ ಪ್ರಯೋಗಕ್ಕೂ ಹೊಸದಾಗಿ ಎರಡು ಪ್ರತಿಯ ಹೆಣ್ಣುಗಳನ್ನು ಆರಿಸಬೇಕು.

ಜೀನ್ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಗುರಿಯ ತಾಣ ಕೆಡಿಸುವುದಾದರೆ ಕನಿಷ್ಠ ಎರಡು ಸ್ವತಂತ್ರ ಸ್ಟಾಕ್‌ಗಳನ್ನು ಮಾಡಿ, ತಾಣದ ಎರಡೂ ಬದಿ 500 ಅಕ್ಷರ ಓದಿಸಿ, ಒಂದರ ಎದುರು ಒಂದನ್ನಿಟ್ಟ ನೊಣಗಳಲ್ಲಿ ಪರೀಕ್ಷಿಸಿ. ತಾಣದ ಜೊತೆಗೆ ಬಾಲದ ಕೊನೆಯ ಸಂಕೇತವೂ ಕತ್ತರಿಸಿ ಹೋಗಿದ್ದರೆ ಸಂದೇಶವೇ ಅಸ್ಥಿರವಾಗುತ್ತದೆ, ಆಗ ಕಂಡ ನಡತೆ ಮೈಕ್ರೋ ಆರ್‌ಎನ್‌ಎಯದ್ದಲ್ಲ.